ಕೀಲುನೋವಿನ ವರ್ಷದ ತೈ ಚಿ

ಹೋದ ತಿಂಗಳು ಹೊಸಪೇಟೆಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನ ಹೆಂಗಸು ಚೀಲದಿಂದ ಸಣ್ಣ ಡಬ್ಬಿ ತೆಗೆದು ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಂಡಳು. ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನೇ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಕಿಟಕಿ ಸರಿಸಿದೆ. ವಾಸನೆ ಹೋಗಲಿಲ್ಲ. ಮರಿಯಮ್ಮನಹಳ್ಳಿ ದಾಟುವ ತನಕ ಆ ಹೆಂಗಸು ಏನೇನೋ ಮಾತಾಡಿಸಿದಳು, ನಾನು ಹೂಂ ಅನ್ನುತ್ತಾ ಕುಳಿತೆ. ನನಗೆ ಅದು ಮುಲಾಮಿನ ವಾಸನೆಯಲ್ಲ, ಒಂದು ಇಡೀ ವರ್ಷದ ವಾಸನೆ.

ಚಿಕುನ್‌ಗುನ್ಯಾ ನಮ್ಮ ಸೀಮೆಗೆ ಬಂದ ವರ್ಷವದು. ಆಷಾಢದ ಗಾಳಿ ಜೋರಾಗಿ ಬೀಸುತ್ತಿದ್ದಾಗ ತಂಬ್ರಹಳ್ಳಿ ಕಡೆಯಿಂದ ಸುದ್ದಿ ಬಂತು, ಒಂದು ಓಣಿಗೆ ಓಣಿಯೇ ಮಲಗಿದೆ ಎಂದು. ಹಳ್ಳಿಯವರು ದೊಡ್ಡದು ಮಾಡಿ ಹೇಳುತ್ತಾರೆ ಎಂದುಕೊಂಡೆವು. ಹದಿನೈದು ದಿನದಲ್ಲಿ ನಮ್ಮ ಹಗರಿಬೊಮ್ಮನಹಳ್ಳಿಯೂ ಮಲಗಿತು. ಜ್ವರ ಮೂರೋ ನಾಲ್ಕೋ ದಿನ. ಅದು ಬಿಟ್ಟ ಮೇಲೆ ಕೀಲುಗಳಲ್ಲಿ ಕುಳಿತ ನೋವು ಮಾತ್ರ ತಿಂಗಳುಗಟ್ಟಲೆ ಎದ್ದು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕುಂಟುತ್ತಿದ್ದ, ಶಾಲೆಯಲ್ಲಿ ಮೇಷ್ಟ್ರು ಕುಂಟುತ್ತಿದ್ದರು, ಆಫೀಸಿನಲ್ಲಿ ಸಾಹೇಬರು ಗೋಡೆ ಹಿಡಿದು ನಡೆಯುತ್ತಿದ್ದರು. ಕೋಳಿಯಿಂದ ಬರುವ ರೋಗ ಎಂದು ಯಾರೋ ಹಬ್ಬಿಸಿ ಕೋಳಿ ಅಂಗಡಿಗಳೆಲ್ಲ ಖಾಲಿ ಹೊಡೆದವು. "ನಮ್ಮ ಮನ್ಯಾಗ ಕೋಳಿ ಮೊಟ್ಟಿ ಸೈತ ಮುಟ್ಟಿದವರಿಲ್ಲ. ನಮಗ್ಯಾಕ ಬಂತಪಾ ಇದು" ಎಂದು ನಮ್ಮ ಅತ್ತೆ ಮಲಗಿದಲ್ಲಿಂದಲೇ ಡಾಕ್ಟರನ್ನು ದಬಾಯಿಸಿದರು. ಡಾಕ್ಟರೂ ಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದರು.

ನಮ್ಮದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ. ಮುಂದಿನ ಪಡಸಾಲೆಯಲ್ಲಿ ಐದು ಟೇಬಲ್ಲು, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಗೆ ಹತ್ತಿಕೊಂಡು ನಾವಿರುವ ಎರಡು ಕೋಣೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ನಮ್ಮ ಮಾವನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಲಿಂಗಾಯತ ಖಾನಾವಳಿ' ಎಂದು ಬರೆದಿತ್ತು. ನಮ್ಮ ಕಡೆ ಊಟದ ಮನೆಗಳಿಗೆ ಹೀಗೆ ಜಾತಿ ಬರೆಸುವುದು ರೂಢಿ. ಓದಿದವರು ಒಳಗೆ ಅಡಿಗೆ ಮಾಡುವ ಕೈ ಯಾರದು ಎಂದು ಕೇಳದೆ ಬಂದು ಕೂರುತ್ತಾರೆ. ಕೊಟ್ಟೂರಿನಲ್ಲಿ ಪಿಯುಸಿ ಮುಗಿಸಿ ಆ ಮನೆಗೆ ಸೊಸೆಯಾಗಿ ಬಂದ ನಾನು ಹದಿನೆಂಟು ವರ್ಷ ಆ ಬೋರ್ಡಿನ ಕೆಳಗೆ ಓಡಾಡಿದ್ದೆ, ಒಮ್ಮೆಯೂ ತಲೆಯೆತ್ತಿ ಅದನ್ನು ಓದಿರಲಿಲ್ಲ.

ಖಾನಾವಳಿ ಅಂದರೆ ರೊಟ್ಟಿ. ಪಲ್ಯ ಒಂದು ದಿನ ಸಪ್ಪೆಯಾದರೆ ಜನ ಸಹಿಸುತ್ತಾರೆ, ರೊಟ್ಟಿ ಇಲ್ಲದಿದ್ದರೆ ಮಾರನೆಯ ದಿನ ಬರುವುದಿಲ್ಲ. ನಾನು ಮತ್ತು ಸಹಾಯದ ಇಬ್ಬರು ಹೆಂಗಸರು ಬೆಳಗಿನಿಂದ ಮಧ್ಯಾಹ್ನದ ತನಕ ಟಪಟಪ ತಟ್ಟುತ್ತಿದ್ದೆವು. ಆ ವರ್ಷ ಇಬ್ಬರೂ ಒಂದೇ ವಾರದಲ್ಲಿ ಹಾಸಿಗೆ ಹಿಡಿದರು. ಒಬ್ಬಳನ್ನು ಅಣ್ಣ ಬಂದು ತಮ್ಮೂರು ಇಟ್ಟಿಗಿಗೆ ಕರೆದುಕೊಂಡು ಹೋದ. ಇನ್ನೊಬ್ಬಳು ಇದೇ ಊರಿನವಳು, ಎದ್ದು ಕೂರಲೂ ಮಗಳು ಬೇಕಾಗಿತ್ತು. ಕೊನೆಗೆ ನನಗೂ ಬಂತು. ಜ್ವರ ಇಳಿದ ದಿನ ಹಿಟ್ಟಿಗೆ ಬಿಸಿನೀರು ಹಾಕಿ ನಾದಲು ಹೋದರೆ ಬೆರಳು ಮಡಿಸಲು ಬರಲಿಲ್ಲ. ಮಣಿಕಟ್ಟಿನಲ್ಲಿ ಮುಳ್ಳು ಮುರಿದಂತಿತ್ತು. ನಾದಿದ ಮೇಲೆ ಒಂದೇ ಒಂದು ರೊಟ್ಟಿ ತಟ್ಟಿದೆ. ಅಂಚೆಲ್ಲ ಒಡೆದು ಹಂಚಿನ ಮೇಲೆ ಮೂರು ಚೂರಾಯಿತು. ನಾನು ಅಲ್ಲೇ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ.

ಅಂದಿನಿಂದ ಅನ್ನ, ಸಾರು, ಪಲ್ಯ ಅಷ್ಟೇ. ಕೋರ್ಟಿನವರು, ಕಾಲೇಜಿನವರು, ತಾಲ್ಲೂಕು ಆಫೀಸಿನವರು ಸೇರಿ ಇಪ್ಪತ್ತು ಮಂದಿ ನಮ್ಮಲ್ಲಿ ಖಾಯಂ ಉಣ್ಣುವವರಿದ್ದರು. ಆ ಇಪ್ಪತ್ತು ಮಂದಿಯ ಮೇಲೆ ನಮ್ಮ ಮನೆ ನಿಂತಿತ್ತು. ಪಾಪ, ಅವರೂ ಎಷ್ಟು ದಿನ ತಡೆದಾರು? ಒಬ್ಬ ಲೆಕ್ಚರರು ಕೈ ತೊಳೆಯುತ್ತಾ ಹೇಳಿಯೇಬಿಟ್ಟರು. "ಗೌರಕ್ಕಾ, ಅನ್ನ ಉಂಡ್ರ ಉಂಡಂಗ ಆಗವಲ್ದು. ಮಾನೌಮಿ ತನಕ ನೋಡ್ತೀವಿ. ಆಮ್ಯಾಲ ನಾವೂ ಬ್ಯಾರೆ ದಾರಿ ನೋಡ್ಕೋಬೇಕಾಗ್ತೈತಿ, ತಪ್ಪು ತಿಳೀಬ್ಯಾಡ್ರಿ." ತಪ್ಪು ತಿಳಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮಹಾನವಮಿಗೆ ಎರಡು ತಿಂಗಳಿತ್ತು.

ಆ ಹೊತ್ತಿನಲ್ಲಿ ತೈ ಚಿಯ ಸುದ್ದಿ ತಂದವರು ವೀರಭದ್ರಪ್ಪ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ತರರು, ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನ ನಮ್ಮಲ್ಲೇ ಊಟ. ಒಂದು ದಿನ ಕೋಲಿಲ್ಲದೆ ಮೆಟ್ಟಿಲು ಹತ್ತಿ ಬಂದರು. "ಟೇಶನ್ ಪ್ಲಾಟ್‌ಫಾರಂ ಮ್ಯಾಲ ಫಾರಿನ್ ಶಾಂತಮ್ಮ ಚೀನಾದೋರ ಕಸರತ್ತು ಹೇಳಿಕೊಡ್ತಾಳ. ತೈ ಚಿ ಅಂತ ಹೆಸರು. ಒಂದು ರುಪಾಯಿ ತಗಳಂಗಿಲ್ಲ. ನನ್ನ ಮೊಣಕಾಲು ನೋಡು ಹೆಂಗ ಆಗೈತಿ" ಅಂದರು. ಮುಂದೆ ನಾನು ಗಮನಿಸಿದೆ, ಮೇಷ್ಟ್ರು ಪ್ಲಾಟ್‌ಫಾರಂ ಮೇಲೆ ಆಕೆಯನ್ನು 'ಮೇಡಂ' ಎನ್ನುತ್ತಿದ್ದರು, ನಮ್ಮ ಟೇಬಲ್ಲಿಗೆ ಬಂದಾಗ 'ಆಕಿ' ಎನ್ನುತ್ತಿದ್ದರು. ಅವರೊಬ್ಬರೇ ಅಲ್ಲ ಬಿಡಿ.

ಶಾಂತಕ್ಕ ಹಳ್ಳದ ಆಚೆಯ ಕೇರಿಯವರು. ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡ, ಮಕ್ಕಳನ್ನೆಲ್ಲ ಓದಿಸಿ ನೌಕರಿಗೆ ಹಚ್ಚಿದ ಮನೆತನ. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವರು ಏಜೆಂಟನ ಮೂಲಕ ಸಿಂಗಾಪುರಕ್ಕೆ ಹೋಗಿ, ಅಲ್ಲಿ ಒಬ್ಬ ಚೀನೀ ಮುದುಕಿಯನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದರು. ಆ ಮುದುಕಿ ಬೆಳಿಗ್ಗೆ ಕಟ್ಟಡದ ಕೆಳಗೆ ವಯಸ್ಸಾದವರ ಜೊತೆ ತೈ ಚಿ ಮಾಡುತ್ತಿದ್ದರಂತೆ. ಶಾಂತಕ್ಕ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವುದನ್ನು ನೋಡಿ, ಕೂರಬೇಡ, ನಿಲ್ಲು, ಮಾಡು ಅಂದರಂತೆ. ಮುದುಕಿ ತೀರಿಕೊಂಡ ಮೇಲೆ ಊರಿಗೆ ಬಂದ ಇವರಿಗೆ ಆಗ ಐವತ್ತರ ಆಸುಪಾಸು. ಸಣ್ಣ ದೇಹ, ಬಾಬ್ ಮಾಡಿದ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಊರು ಕುಂಟುವುದನ್ನು ನೋಡಿ ತಾವೇ ಕಲಿಸಲು ಹೊರಟಿದ್ದರು.

ಪ್ಯಾಸೆಂಜರ್ ರೈಲು ನಮ್ಮ ಸ್ಟೇಶನ್ನಿಗೆ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಪ್ಲಾಟ್‌ಫಾರಂ ಖಾಲಿ, ಕಲ್ಲು ಹಾಸಿದ ಸಮ ನೆಲ, ಪಕ್ಕದಲ್ಲಿ ಬೇವಿನ ಮರಗಳು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ರಿಟೈರಾದ ದುರುಗಪ್ಪ, ಶಾಂತಕ್ಕನ ಕೇರಿಯವರೇ, ಯಾರನ್ನೋ ಕೇಳಿ ಬೆಳಗಿನ ಒಂದು ತಾಸಿಗೆ ಜಾಗ ಕೊಡಿಸಿದ್ದರು. ಸಮುದಾಯ ಭವನದಲ್ಲಿ ಯಾಕೆ ಮಾಡಲಿಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಶಾಂತಕ್ಕ, "ಅದು ನಮ್ಮ ಕೇರ್ಯಾಗ ಐತ್ರಿ. ಅಲ್ಲಿ ಮಾಡಿದ್ರ ನೀವು ಬರ್ತಿದ್ರೇನ್ರಿ?" ಅಂದರು. ವ್ಯಂಗ್ಯ ಇರಲಿಲ್ಲ, ಬಸ್ಸಿನ ಟೈಮು ಹೇಳಿದಂತೆ ಹೇಳಿದರು. ನಾನು ಬೇವಿನ ಮರ ನೋಡಿದೆ.

ಮೊದಲ ದಿನ ಹೋದಾಗ ನಗು ಬಂತು. ಹದಿನೈದಿಪ್ಪತ್ತು ಜನ ಸಾಲಾಗಿ ನಿಂತು ನೀರಿನೊಳಗೆ ಕೈಯಾಡಿಸುವಂತೆ ಆಡಿಸುತ್ತಿದ್ದರು. ಅಷ್ಟು ನಿಧಾನವಾಗಿ ಚಲಿಸುವುದು ಆ ವಿದ್ಯೆಯ ನಿಯಮವೋ, ನೋವಿಗೆ ಅದಕ್ಕಿಂತ ಬೇಗ ಆಗುತ್ತಿರಲಿಲ್ಲವೋ, ನೋಡಿದವರಿಗೆ ತಿಳಿಯುವಂತಿರಲಿಲ್ಲ. ಹೊಸಬಳೆಂದು ಶಾಂತಕ್ಕ ನನ್ನನ್ನು ಅಂಚಿಗೆ ನಿಲ್ಲಿಸಿ, ಕಾಲು ಹೆಗಲಿನಷ್ಟು ಅಗಲಿಸಿ, ಮೊಣಕಾಲು ತುಸು ಬಗ್ಗಿಸಲು ಹೇಳಿದರು. "ಈಗ ಎಲ್ಲಾ ಭಾರ ಎಡಗಾಲಿಗೆ ಕೊಡ್ರಿ. ಕೊಡಾ ಬಗ್ಗಿಸಿ ನೀರು ಹಾಕಿದಂಗ, ಹಗೂರಕ. ಈಗ ಎಡಗಾಲು ತುಂಬಿತು, ಬಲಗಾಲು ಖಾಲಿ. ಖಾಲಿ ಇರೋ ಕಾಲು ಎತ್ತಿ ಮುಂದ ಇಡ್ರಿ. ಇಟ್ಟ ಮ್ಯಾಲ ತುಂಬ್ರಿ. ತುಂಬಿದ ಕಾಲು ಎತ್ತಬಾರದು." ಅಷ್ಟೇ. ಒಂದು ವಾರ ಅದೊಂದೇ ಪಾಠ. ಮೂವತ್ತೆಂಟು ವರ್ಷ ನಡೆದ ಮೇಲೆ ನಡೆಯಲು ಕಲಿಯುವುದು ಎಂಥ ಬೇಸರದ ಕೆಲಸ ಎಂದರೆ, ಮೂರನೆಯ ದಿನ ನಾನು ಹೇಳಿಯೇಬಿಟ್ಟೆ.

"ಶಾಂತಕ್ಕಾ, ನನಗ ನೋವು ಕೈಯಾಗ ಐತ್ರಿ. ನೀವು ಕಾಲಿಂದು ಕಲಿಸಾಕ ಹತ್ತೀರಿ."

"ಕೈಗೆ ಶಕ್ತಿ ಎಲ್ಲಿಂದ ಬರ್ತೈತ್ರಿ?"

"ಹೆಗಲಿಂದ."

"ಅದಕ್ಕ ಕೈ ನೋಯ್ತೈತಿ" ಅಂದು ಮುಂದಿನವರ ಕಡೆ ಹೋದರು.

ಅವರು ಹೇಳಿದ್ದು ಏನೆಂದು ತಿಳಿಯಲು ನನಗೆ ತಿಂಗಳು ಹಿಡಿಯಿತು. ಹೆಂಗಸರು ನಾವು ರೊಟ್ಟಿ ತಟ್ಟುವಾಗ ಸೊಂಟ ಕಲ್ಲಾಗಿಸಿ ಕೂರುತ್ತೇವೆ, ಹೆಗಲೆತ್ತಿ ಮಣಿಕಟ್ಟಿನಿಂದ ಬಡಿಯುತ್ತೇವೆ. ಚಿಕ್ಕಂದಿನಲ್ಲಿ ಅವ್ವಂದಿರು ಕಲಿಸಿದ್ದೇ ಹಾಗೆ. ಜ್ವರ ಬರುವ ಮೊದಲೂ ನನ್ನ ಮಣಿಕಟ್ಟು ನೋಯುತ್ತಿತ್ತು, ಅದನ್ನು ನಾನು ನೋವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೇ. ಶಾಂತಕ್ಕ ಹಿಂದೆ ನಿಂತು ಎರಡೂ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತುತ್ತಿದ್ದರು. "ಬಿಡ್ರಿ. ಇನ್ನೂ ಬಿಡ್ರಿ. ಯಾರೂ ಕಸಗೊಳ್ಳಂಗಿಲ್ಲ" ಎನ್ನುತ್ತಿದ್ದರು. ಅವರ ಕೈಯ ಬಿಸಿ ಸೀರೆಯೊಳಗಿನಿಂದ ತಾಗುತ್ತಿತ್ತು. ಮನೆಯಲ್ಲಿ ಯಾರೂ ನನ್ನ ಹೆಗಲ ಮೇಲೆ ಹಾಗೆ ಕೈಯಿಟ್ಟದ್ದಿಲ್ಲ. ಒಂದೆರಡು ಸಲ ಕಣ್ಣಲ್ಲಿ ನೀರು ಬಂತು, ಬೆವರು ಒರೆಸಿದಂತೆ ಒರೆಸಿಕೊಂಡೆ.

ಭಂಗಿಗಳ ಚೀನೀ ಹೆಸರು ಶಾಂತಕ್ಕನ ಬಾಯಲ್ಲಿದ್ದವು, ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ತಾವೇ ಹೆಸರಿಟ್ಟಿದ್ದರು. ಎರಡೂ ಕೈ ಎದುರುಬದುರು ಹಿಡಿದರೆ 'ಕುಂಬಳಕಾಯಿ'. ಕೈ ಬಾಗಿಸಿ ಪಕ್ಕಕ್ಕೆ ತರುವುದು 'ಮೊರ'. ಮುಖದ ಮುಂದೆ ಕೈ ಸರಿಸುತ್ತಾ ಅಡ್ಡಡ್ಡ ಹೆಜ್ಜೆಯಿಡುವುದು 'ಮೋಡ'. ಆ ವರ್ಷ ಮೋಡ ಇದ್ದದ್ದು ಅಷ್ಟೇ, ಶ್ರಾವಣವೆಲ್ಲ ಬರೀ ಗಾಳಿ ಬೀಸಿ ಹೋಯಿತು. ಗಾಳಿಗೆ ಬೇವಿನ ಎಲೆ ನಮ್ಮ ತಲೆಯ ಮೇಲೆ ಉದುರುತ್ತಿದ್ದವು. ಮೇಷ್ಟ್ರು ಮೋಡ ಸರಿಸುತ್ತಾ ಸರಿಸುತ್ತಾ ಸಾಲು ಬಿಟ್ಟು ಹೋಗಿ ಕಂಬಕ್ಕೆ ತಾಗುತ್ತಿದ್ದರು. ನಕ್ಕರೆ, "ಲೇ, ನನ್ನ ಮೋಡ ಕೊಟ್ಟೂರು ಕಡೆ ಹೊಂಟಿತ್ತು" ಎನ್ನುತ್ತಿದ್ದರು.

ಹಳಿಯ ಆಚೆ ಚೆಂಬು ಹಿಡಿದು ಹೋಗುವವರು ನಿಂತು ನೋಡುತ್ತಿದ್ದರು. ನನಗೆ ನಾಚಿಕೆಗಿಂತ ದಣಿವು ದೊಡ್ಡದಾಗಿತ್ತು. ನಸುಕಿನಲ್ಲಿ ಎದ್ದು ನೀರು ತುಂಬಿ, ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು, ಯಜಮಾನರ ಕಾಲಿಗೆ ಮುಲಾಮು ಹಚ್ಚಿ, ಆಮೇಲೆ ಪ್ಲಾಟ್‌ಫಾರಂ. ಅಲ್ಲಿಂದ ಬಂದು ಇಪ್ಪತ್ತು ಮಂದಿಗೆ ಅನ್ನ. ಆ ಒಂದು ತಾಸು ಮಾತ್ರ ಯಾರೂ ನನ್ನಿಂದ ಏನೂ ಕೇಳುತ್ತಿರಲಿಲ್ಲ, ಭಾರ ಎಲ್ಲಿದೆ ಅಂತ ಬಿಟ್ಟರೆ.

ಗಣಪತಿ ಹಬ್ಬ ಕಳೆದ ಮೇಲೆ ಶಾಂತಕ್ಕ ಇಬ್ಬಿಬ್ಬರು ಸೇರಿ ಮಾಡುವುದನ್ನು ಶುರು ಮಾಡಿದರು. ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರು ಮೆಲ್ಲಗೆ ನೂಕಬೇಕು, ಇನ್ನೊಬ್ಬರು ಎದುರು ಬೀಳದೆ ಸೊಂಟ ತಿರುಗಿಸಿ ದಾರಿ ಬಿಡಬೇಕು. ಬಿಟ್ಟ ಮೇಲೆ ಅವರು ನೂಕಬೇಕು. ಚರ್ಮ ಚರ್ಮ ಬಿಡಬಾರದು, ಒತ್ತಲೂ ಬಾರದು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಜೋಡಿ. ಮೇಷ್ಟ್ರ ಜೋಡಿಗೆ ಬಂದವರು ದುರುಗಪ್ಪ.

ಮೇಷ್ಟ್ರು ಒಂದು ಗಳಿಗೆ ನಿಂತು, ಹೆಗಲ ಮೇಲಿನ ಟವೆಲು ತೆಗೆದು ಮಣಿಕಟ್ಟಿಗೆ ಸುತ್ತಿಕೊಂಡರು. "ಬೆವರ್ತೈತಿ" ಅಂದರು. ಗಾಳಿ ಬೀಸುತ್ತಿದ್ದ ತಣ್ಣನೆಯ ಬೆಳಗು, ಯಾರಿಗೂ ಬೆವರಿರಲಿಲ್ಲ.

"ನಡಬರಕ ಅರಿವಿ ಇದ್ರ ಎದುರಿನವರ ಕೈ ಏನು ಮಾಡ್ತೈತಿ ಅಂತ ತಿಳಿಯಂಗಿಲ್ರಿ ಸರ್" ಅಂದರು ಶಾಂತಕ್ಕ.

"ಅಡ್ಡಿಲ್ಲ ಮೇಡಂ, ನನಗ ಹಿಂಗ ತಿಳೀತೈತಿ."

ದುರುಗಪ್ಪ ಕೈ ಮುಂದೆ ಹಿಡಿದರು. ಟವೆಲಿಗೆ ಅವರ ಮಣಿಕಟ್ಟು ತಾಗಿತು. ಮಾರನೆಯ ದಿನ ಇನ್ನೂ ಮೂವರು ಟವೆಲು ತಂದರು. ಶಾಂತಕ್ಕ ಬೈಯಲಿಲ್ಲ, ಪಾಠ ನಿಲ್ಲಿಸಲೂ ಇಲ್ಲ.

ನಾನು ಟವೆಲು ಸುತ್ತಲಿಲ್ಲ. ಹೆಂಗಸರ ಎಣಿಕೆ ಬೆಸವಾಗಿದ್ದರಿಂದ ನನಗೆ ಶಾಂತಕ್ಕನೇ ಜೋಡಿಯಾಗಿದ್ದರು. ಅವರ ಮಣಿಕಟ್ಟಿಗೆ ಬರಿ ಮಣಿಕಟ್ಟು ತಾಗಿಸಿ ನಿಂತು, ಮೇಷ್ಟ್ರ ಕಡೆ ಕಣ್ಣು ಹಾಯಿಸಿ ಮನಸ್ಸಿನಲ್ಲೇ ಹೀಯಾಳಿಸಿದೆ. ಆದರೆ ಮನೆಗೆ ಬಂದೊಡನೆ ಅಡಿಗೆಮನೆಗೆ ಕಾಲಿಡುವ ಮೊದಲು ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಿದ್ದೆ. ಬೆವರಿಗೆ ಅಂದುಕೊಳ್ಳುತ್ತಿದ್ದೆ, ಪೂಜೆಗೆ ಹೇಗೂ ಬೇಕಲ್ಲ ಅಂದುಕೊಳ್ಳುತ್ತಿದ್ದೆ. ಕ್ಲಾಸಿಲ್ಲದ ಭಾನುವಾರ ಮಾತ್ರ ಒಲೆ ಹಚ್ಚಿ ಚಹಾ ಕುಡಿದು ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದೆ.

ಮಹಾನವಮಿಗೆ ಎಂಟು ದಿನವಿತ್ತು. ಕೈ ಅರ್ಧ ವಾಸಿಯಾಗಿತ್ತು, ಅರ್ಧ ಇಲ್ಲ. ಅಂದು ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದ ಮೇಲೆ, ನೋಡೇಬಿಡೋಣ ಎಂದು ನಾಲ್ಕು ರೊಟ್ಟಿಯ ಹಿಟ್ಟು ನಾದಿ ತಟ್ಟಲು ಕುಳಿತೆ. ಎರಡು ಬಂದವು. ಮೂರನೆಯದಕ್ಕೆ ಮಣಿಕಟ್ಟಿನಿಂದ ಮೊಣಕೈ ತನಕ ಬೆಂಕಿ ಹರಿದಂತಾಗಿ ಕೈ ಮಡಿಲಿಗೆ ಬಿತ್ತು. ತಲೆಯೆತ್ತಿದರೆ ಹಿಂಬಾಗಿಲಲ್ಲಿ ಶಾಂತಕ್ಕ. ಎರಡು ದಿನದಿಂದ ನಾನು ಕ್ಲಾಸಿಗೆ ಹೋಗಿರಲಿಲ್ಲ, ವಿಚಾರಿಸಲು ಬಂದಿದ್ದರು. ಹೊಸ್ತಿಲಿನ ಆಚೆ ನಿಂತೇ ಮಣೆ, ಹಿಟ್ಟು, ನನ್ನ ಕೈ ಎಲ್ಲ ನೋಡಿದರು.

"ಗೌರಕ್ಕಾ, ಈಗ ಜೋರು ಮಾಡಿದ್ರ ಇಷ್ಟು ದಿನ ಮಾಡಿದ್ದು ನೀರಾಗ ಹೋಮ ಆಗ್ತೈತ್ರಿ. ಇನ್ನ ಹದಿನೈದು ದಿನ ಕೈ ಸುಮ್ನ ಇಡ್ರಿ. ಅಲ್ಲಿ ತನಕ ನಾ ಬಂದು ತಟ್ಟಿಕೊಡ್ತೀನಿ. ನನಗೇನು ಕೆಲಸ ಐತಿ? ನಮ್ಮವ್ವ ಕಲಿಸಿದ ಕೈರಿ, ದೀಡುನೂರು ತಟ್ಟಿದ್ರೂ ಒಂದು ಅಂಚು ಒಡಿಯಂಗಿಲ್ಲ."

ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಹಾದುಹೋಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲು ಬಂದದ್ದು ನೆಮ್ಮದಿ. ಅಬ್ಬಾ, ಉಳಿದೆವು, ಎಂದು. ಅದರ ಬೆನ್ನಿಗೇ ಬೋರ್ಡು ಬಂತು. ಲೆಕ್ಚರರು ಬಂದರು, ಕೋರ್ಟಿನವರು ಬಂದರು, ಒಳಗಿನ ಕೈ ಯಾರದೆಂದು ಒಬ್ಬ ಬಾಯಿಬಿಟ್ಟರೆ ಇಪ್ಪತ್ತೂ ಎಲೆ ಖಾಲಿಯಾಗುವುದು ಕಣ್ಣಿಗೆ ಕಟ್ಟಿತು. ಅವೆರಡರ ನಡುವೆ ಇನ್ನೊಂದು ಬಂತು. ಶಾಂತಕ್ಕ ನನ್ನ ಮಣೆಯ ಮುಂದೆ, ನನ್ನ ಹಿಟ್ಟಿನಲ್ಲಿ ಕೈಯಿಟ್ಟು ಕುಳಿತ ಚಿತ್ರ. ಅದನ್ನು ನೆನೆದು ನಾನು ಮುದುಡಿಕೊಂಡೆ, ಅದಕ್ಕೆ ಯಾವ ಗಿರಾಕಿಯೂ ಕಾರಣನಾಗಿರಲಿಲ್ಲ.

"ನಮ್ಮತ್ತಿ ಅದಾರಲ್ರಿ" ಅಂದೆ. "ಹಳೇ ಕಾಲದವರು. ಅವರು ಒಪ್ಪಂಗಿಲ್ರಿ ಶಾಂತಕ್ಕಾ. ನನಗಾದ್ರ ಏನೂ ಇಲ್ಲ."

ಶಾಂತಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ, "ಹೌದಲ್ರಿ, ವಯಸ್ಸಾದವರು" ಅಂದರು. ಹೋಗುವಾಗ, "ನಾಳಿ ಬೆಳಿಗ್ಗಿ ತಪ್ಪಿಸಬ್ಯಾಡ್ರಿ. ಹಿಟ್ಟು ನಾದಬ್ಯಾಡ್ರಿ" ಎಂದು ಹೇಳಿ ಓಣಿ ಹಿಡಿದು ಹೋದರು.

ಒಳಕೋಣೆಯಿಂದ ಅತ್ತೆಯ ದನಿ ಬಂತು. ಮೂರು ತಿಂಗಳಿನಿಂದ ಹಾಸಿಗೆಯಲ್ಲೇ ಇದ್ದವರು, ನಿದ್ದೆ ಮಾಡಿದ್ದಾರೆ ಎಂದುಕೊಂಡಿದ್ದೆ.

"ಗೌರಾ, ನನ್ನ ಹೆಸರು ಯಾಕ ಹೇಳಿದಿ?"

ನಾನು ಬಾಗಿಲಿಗೆ ಬಂದು ನಿಂತೆ. "ನೀವು ಒಪ್ತಿದ್ರೇನು?"

ಅತ್ತೆ ಸೂರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಿಲ್ಲವ್ವಾ. ಕೇಳಿದ್ರ ವಿಚಾರ ಮಾಡ್ತಿದ್ದೆ. ನೀ ಕೇಳಲೇ ಇಲ್ಲ" ಅಂದರು. ಆಮೇಲೆ ಗೋಡೆಯ ಕಡೆ ಮಗ್ಗುಲು ತಿರುಗಿದರು. ತಿರುಗಲು ಅವರಿಗೆ ಎಷ್ಟು ನೋವಾಗುತ್ತದೆಂದು ನನಗೆ ಗೊತ್ತಿತ್ತು.

ಸಂಜೆ ಯಜಮಾನರಿಗೆ ವಿಷಯ ಹೇಳಿದೆ. "ಚಲೋ ಮಾಡಿದಿ, ಮನಿ ಉಳಿಸಿದಿ" ಅಂದರು. ಆ ಮಾತಿಗೆ ಕಾಯುತ್ತಿದ್ದೆನೋ ಏನೋ, ಕೇಳಿದ ಮೇಲೆ ಮಾತ್ರ ಊಟದ ತಾಟು ಸರಿಸಿ ಎದ್ದೆ. ಮನೆಯೂ ಉಳಿಯಲಿಲ್ಲ ಅನ್ನಿ. ಬನ್ನಿ ಹಂಚಿಕೊಂಡ ಮಾರನೆಯ ದಿನದಿಂದ ಹನ್ನೆರಡು ಮಂದಿ ಬೇರೆ ಕಡೆ ಹೋದರು. ಎರಡು ಟೇಬಲ್ಲು ಒಳಗಿಟ್ಟೆವು. ಹೊರಗಿನ ಬೋರ್ಡು ಹಾಗೇ ಇತ್ತು.

ಶಾಂತಕ್ಕ ಬಂದು ಹೋದ ಮಾರನೆಯ ಬೆಳಿಗ್ಗೆ ಪ್ಲಾಟ್‌ಫಾರಂಗೆ ಹೋಗುವುದೋ ಬೇಡವೋ ಎಂದು ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಹೋಗದಿದ್ದರೆ ಸುಳ್ಳು ಹೊರಗೆ ಬೀಳುತ್ತದೆ ಎಂಬ ಭಯಕ್ಕೆ ಹೋದೆ. ಶಾಂತಕ್ಕ ಎಂದಿನಂತೆ ಎದುರು ನಿಂತು ಮಣಿಕಟ್ಟು ಮುಂದೆ ಹಿಡಿದರು. ನನ್ನ ಕೈ ಬಿಗಿಯಾಗಿತ್ತು. "ಹೆಗಲು ಬಿಡ್ರಿ" ಅಂದರು. ಬಿಡಲಾಗಲಿಲ್ಲ. ಅಂದು ಅವರು ನೂಕಲೇ ಇಲ್ಲ, ತಾಗಿಸಿದ ಕೈಯನ್ನು ಹಾಗೇ ಹಿಡಿದು ನಾನು ಬಿಡುವ ತನಕ ಕಾದರು. ಮುಂದೆ ದಿನವೂ ಹಾಗೆಯೇ ನಡೆಯಿತು. ಅತ್ತೆಯ ಆರೋಗ್ಯ ಕೇಳುತ್ತಿದ್ದರು. ಎದ್ದು ಕೂರುತ್ತಾರಾ, ಊಟ ಸೇರುತ್ತಾ, ಎಂದು. ಅದನ್ನು ಕೇಳಿದಾಗಲೆಲ್ಲ ನಿಜ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, "ಸುಮಾರದಾರ್ರಿ" ಎಂದು ಮುಚ್ಚುತ್ತಿದ್ದೆ. ಒಂದು ಸುಳ್ಳನ್ನು ಮೂರು ತಿಂಗಳು ಹೊತ್ತು ತಿರುಗಿದರೆ ಆಗುವ ದಣಿವು ಬೇರೆ. ಜ್ವರದ ದಣಿವಿಗೆ ಮಲಗಿದರೆ ಸಾಕಾಗುತ್ತಿತ್ತು.

ದೀಪಾವಳಿ ಕಳೆಯಿತು. ಚಳಿಗೆ ಪ್ಲಾಟ್‌ಫಾರಮ್ಮಿನ ಕಲ್ಲು ಪಾದ ಕೊರೆಯುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದಿತ್ತು. ನೋವು ಇಳಿದವರು ಒಬ್ಬೊಬ್ಬರಾಗಿ ಕ್ಲಾಸು ಬಿಟ್ಟರು. ಗುಣವಾದ ಮೇಲೆ ವೈದ್ಯರ ಮನೆ ದೂರ, ಅದೇನು ಹೊಸದಲ್ಲ. ಮೇಷ್ಟ್ರು ಟವೆಲು ಸುತ್ತಿಕೊಂಡೇ ಕಡೆಯ ತನಕ ಬಂದರು. ದುರುಗಪ್ಪನೂ ಬಂದರು. ನಾವು ಏಳೆಂಟು ಮಂದಿ ಉಳಿದು, ಆರಂಭದಿಂದ ಕೊನೆಯ ತನಕ ಒಂದು ಸುತ್ತು ತಪ್ಪಿಲ್ಲದೆ ಮಾಡುವಷ್ಟು ಕಲಿತೆವು. ಸಂಕ್ರಾಂತಿ ಹತ್ತಿರ ಬಂದಾಗ ನನಗೆ ಬೆರಳು ಪೂರ್ತಿ ಮಡಿಸಲು ಬರತೊಡಗಿತು. ಮಣೆಯ ಮುಂದೆ ಕುಳಿತು, ಹೆಗಲು ಇಳಿಬಿಟ್ಟು, ಸೊಂಟದಿಂದ ತಟ್ಟಿದೆ. ಹತ್ತಾಯಿತು, ಇಪ್ಪತ್ತಾಯಿತು. ನೋವು ಬರುತ್ತದೆ ಎಂದು ಕಾದೆ, ಬರಲಿಲ್ಲ.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ ಕಟ್ಟಿಕೊಂಡು ಪ್ಲಾಟ್‌ಫಾರಂಗೆ ಹೋದೆ. ಎಲ್ಲರೂ ಬೆಂಚಿನ ಮೇಲೆ ಕುಳಿತು ತಿಂದರು. ಶಾಂತಕ್ಕ ರೊಟ್ಟಿಯನ್ನು ಬೆಳಕಿಗೆ ಹಿಡಿದು ಅಂಚು ನೋಡಿ, "ಎಲ್ಲಾ ಕಡೆ ಒಂದೇ ದಪ್ಪ ಐತಿ" ಎಂದು ಮುರಿದುಕೊಂಡರು. ಉಳಿದವರು ಹೋದ ಮೇಲೆ ಅವರು ಶೂವಿನ ಲಾಡಿ ಕಟ್ಟಿಕೊಳ್ಳುತ್ತಿದ್ದರು. ನಾನು ಬುತ್ತಿಯ ಬಟ್ಟೆ ಮಡಿಸುತ್ತಾ, ಅವರ ಮುಖ ನೋಡದೆ ಹೇಳಿದೆ.

"ಶಾಂತಕ್ಕಾ, ಅವತ್ತು ಬ್ಯಾಡ ಅಂದಾಕಿ ನಮ್ಮತ್ತಿ ಅಲ್ರಿ. ನಾನು."

ಅವರು ಲಾಡಿ ಕಟ್ಟುವುದನ್ನು ಮುಗಿಸಿದರು. "ಗೊತ್ತೈತ್ರಿ" ಅಂದರು.

"ಯಾವಾಗ ಗೊತ್ತಾತ್ರಿ?"

"ಅವತ್ತೇ. ನೀವು ಒಳಗ ಹೋಗಿ ಅವರನ್ನ ಕೇಳಿ ಬಂದು ಹೇಳಲಿಲ್ಲಲ್ರಿ."

ನನಗೆ ಬೈಸಿಕೊಳ್ಳಬೇಕೆನಿಸಿತು. ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. "ಗೊತ್ತಿದ್ದೂ ಮರುದಿನ ನನ್ನ ಕೈ ಹಿಡಿದ್ರಲ್ರಿ. ಮೂರು ತಿಂಗಳು ಹಿಡಿದ್ರಿ. ಯಾಕ್ರಿ?" ಅಂದೆ.

"ನಿಮಗ ನೋಯ್ತಿತ್ತಲ್ರಿ."

ಅಷ್ಟು ಹೇಳಿ ಎದ್ದರು. ಹಳಿ ದಾಟುವಾಗ ತಿರುಗಿ, ರೊಟ್ಟಿ ಚಲೋ ಆಗಿದ್ದವು ಎಂದು ಮತ್ತೊಮ್ಮೆ ಹೇಳಿ ತಮ್ಮ ಕೇರಿಯ ಕಡೆ ಹೋದರು. ನಾನು ಖಾಲಿ ಬುತ್ತಿ ಹಿಡಿದು ನಮ್ಮ ಓಣಿಯ ಕಡೆ ಬಂದೆ. ಬಿಟ್ಟು ಹೋದ ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಬೇಸಿಗೆಯ ಹೊತ್ತಿಗೆ ತಿರುಗಿ ಬಂದರು.

ಶಾಂತಕ್ಕ ಅದಾದ ಮೇಲೆ ಒಂದೂವರೆ ವರ್ಷ ಊರಲ್ಲಿದ್ದರು, ಆಮೇಲೆ ಹರಪನಹಳ್ಳಿಯ ತಂಗಿಯ ಮನೆಗೆ ಹೋದರು. ಆ ಒಂದೂವರೆ ವರ್ಷ ನನ್ನ ಕೈ ಗಟ್ಟಿಯಾಗಿತ್ತು. ಅತ್ತೆ ಎದ್ದು ಓಡಾಡುತ್ತಿದ್ದರು, ದಿನವೂ ಅಡಿಗೆಮನೆಯಲ್ಲೇ ಎದುರಿಗೆ ಕೂರುತ್ತಿದ್ದರು. ಶಾಂತಕ್ಕನನ್ನು ಒಂದು ದಿನ ಒಳಗೆ ಕರೆಯಲಾ ಎಂದು ಅವರನ್ನು ಕೇಳಿದ್ದರೆ ವಿಚಾರ ಮಾಡಿ ಹೇಳುತ್ತಿದ್ದರು. ನಾನು ಕೇಳಲಿಲ್ಲ.